ತಳವಿಲ್ಲದ ಬುಟ್ಟಿ ಮತ್ತು ಗಾರ್ಡ್ ಸಾಹೇಬರು

ಮನುಷ್ಯನಿಗೆ ಜಗಳವಾಡಲು ಒಬ್ಬ ಖಾಯಂ ಗಿರಾಕಿ ಬೇಕು ಎಂಬ ಸತ್ಯವನ್ನು ಯಾವ ಶಾಸ್ತ್ರಕಾರನೂ ಬರೆದಿಟ್ಟಂತೆ ಕಾಣೆ. ಅನ್ನ, ಬಟ್ಟೆ, ವಸತಿಗಳ ಮಾತನ್ನು ಎಲ್ಲರೂ ಆಡುತ್ತಾರೆ. ದಾಂಡೇಲಿಯ ಕಟ್ಟಿಗೆ ಡಿಪೋಕ್ಕೆ ಗುಮಾಸ್ತನಾಗಿ ಬಂದ ನನಗೆ ಈ ಮೂರೂ ಸಿಕ್ಕಿದ್ದವು. ಅನ್ನವನ್ನು ನಾನೇ ಬೇಯಿಸಿಕೊಳ್ಳುತ್ತಿದ್ದೆನಾದ್ದರಿಂದ ಅದರ ವಿಷಯ ಹೆಚ್ಚು ಹೇಳುವುದಿಲ್ಲ. ಆದರೆ ಸಂಜೆ ಗೇಟು ಮುಚ್ಚಿ, ಲಾರಿಗಳೆಲ್ಲ ಹಳಿಯಾಳದ ದಾರಿ ಹಿಡಿದ ಮೇಲೆ, ನನ್ನ ಮಾತಿಗೆ ‘ಹಂಗಲ್ಲ’ ಎನ್ನುವ ಒಂದು ಜೀವವೂ ಸುತ್ತಮುತ್ತ ಇರುತ್ತಿರಲಿಲ್ಲ. ಒಟ್ಟಿದ ಸಾಗವಾನಿ ದಿಮ್ಮಿಗಳಿದ್ದವು. ಅವು ನಾನು ಹೇಳಿದ್ದಕ್ಕೆಲ್ಲ ಒಪ್ಪುತ್ತಿದ್ದವು. ಈ ಕೊರತೆ ನೀಗಲೆಂದೇ ಬ್ಯಾಟರಿಯ ರೇಡಿಯೋ ತಂದೆ. ರೇಡಿಯೋ ಮಾತಾಡುತ್ತದೆ, ನಿಜ. ಆದರೆ ಎದುರಿನವರ ಮಾತಿಗೆ ಕಿವಿಗೊಡುವುದಿಲ್ಲ. ಅಂಥ ಪ್ರಾಣಿಗಳು ಕಚೇರಿಯಲ್ಲಿ ಸಾಕಷ್ಟಿದ್ದುದರಿಂದ ಮನೆಗೂ ಒಂದನ್ನು ತಂದುಕೊಂಡೆನಲ್ಲ ಎಂದು ಬೇಗನೆ ಪಶ್ಚಾತ್ತಾಪವಾಯಿತು.

ನನ್ನ ಎದುರು ಮನೆಯಲ್ಲಿ ಶಿವಲಿಂಗಪ್ಪನವರಿದ್ದರು. ಸನವಳ್ಳಿಯ ಕಡೆಯವರು, ಜೋಯಿಡಾದ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿ ದುಡಿದು ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಒಬ್ಬರೇ. ಅವರೂ ಒಬ್ಬರೇ, ನಾನೂ ಒಬ್ಬನೇ, ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ. ಸಂಜೆ ಅವರು ಅವರ ಕಟ್ಟೆಯ ಮೇಲೆ, ನಾನು ನನ್ನ ಕಟ್ಟೆಯ ಮೇಲೆ ಕೂತು, ಗಡಿ ಕಾಯುವ ಎರಡು ರಾಜ್ಯಗಳ ಸಿಪಾಯಿಗಳಂತೆ ತಲೆಯಾಡಿಸುತ್ತಿದ್ದೆವು. ನಾನು ‘ಒಳಗ ಬರ್ರಿ’ ಎಂದರೆ ಅವರು ಬರುತ್ತಿರಲಿಲ್ಲ.

“ಏನ್ ಕೆಲಸೈತ್ರಿ?” ಎನ್ನುವರು.

“ಕೆಲಸ ಏನಿಲ್ಲ. ಸುಮ್ನ.”

“ಕೆಲಸಿಲ್ದ ಅಡ್ಡಾಡಾವ್ರನ್ನ ಹಿಡದು ಹಿಡದ ನನ್ನ ನೌಕರಿ ಮುಗದೈತ್ರಿ, ಕ್ಲಾರ್ಕ್ ಸಾಹೇಬ್ರ. ಈಗ ನಾನ ಹಂಗ ಅಡ್ಡಾಡ್ಲೇನು?”

ಹೀಗಿರುತ್ತ ಒಂದು ಸಂಜೆ ರೇಡಿಯೋದಲ್ಲಿ ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ವೀಕ್ಷಕ ವಿವರಣೆ ಬರುತ್ತಿತ್ತು. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ ಎಂಬ ಹಂತ. ಗೊರಗೊರ ಸದ್ದಿನ ನಡುವೆ ವಿವರಣೆಕಾರರು, “ಅಯ್ಯೋ, ಧಾರವಾಡದ ಗಾರ್ಡ್ ಚೆಂಡು ಕಳೆದುಕೊಂಡರು,” ಎಂದರು. ನಾನು ತಲೆ ಎತ್ತುವಷ್ಟರಲ್ಲಿ ಶಿವಲಿಂಗಪ್ಪನವರು ದಾರಿ ದಾಟಿ ನನ್ನ ಹೊಸ್ತಿಲಲ್ಲಿ ನಿಂತಿದ್ದರು.

“ಯಾವ ಗಾರ್ಡ್ರಿ? ಯಾವ ರೇಂಜಿನಾಂವ?”

ಅಂದಿನಿಂದ ಅವರಿಗೆ ನನ್ನ ಮನೆಯಲ್ಲಿ ಕೆಲಸ ಸಿಕ್ಕಿತು. ತಮ್ಮ ಜಾತಿಯ ನೌಕರನೊಬ್ಬನ ಮೇಲೆ ಆರೋಪ ಬಂದಿದೆ. ವಿಚಾರಣೆ ಮುಗಿಯುವವರೆಗೆ ಹಾಜರಿರುವುದು ಧರ್ಮ. ಅದು ಆಟದ ಮಾತು, ಗಾರ್ಡ್ ಎಂದರೆ ತಂಡದಲ್ಲಿ ಒಬ್ಬ ಆಟಗಾರನ ಜಾಗದ ಹೆಸರು ಎಂದು ನಾನು ತಿಳಿಸಿ ಹೇಳಿದೆ. ಎತ್ತರದ ಕಂಬ, ಅದಕ್ಕೊಂದು ತಳವಿಲ್ಲದ ಬುಟ್ಟಿ, ಅದರೊಳಗೆ ಚೆಂಡು ಹಾಕಬೇಕು ಎಂದೆ.

“ತಳಾ ಇಲ್ಲದ ಬುಟ್ಟಿ ಯಾವ ಮೇದಾರ ಮಾಡ್ಯಾನ್ರಿ? ಬಿದರು ಕಮ್ಮಿ ಬಿತ್ತೇನು?”

ಹಾಗೆ ನೋಡಿದರೆ ನನ್ನ ಪಾಂಡಿತ್ಯವೂ ಅಷ್ಟರಲ್ಲೇ ಇತ್ತು. ನಾನು ಓದಿದ ಕಾಲೇಜಿನಲ್ಲಿ ಅಂಥ ಕಂಬವೊಂದಿತ್ತು. ಅದಕ್ಕೆ ನಾನು ಧೋತರ ಒಣಹಾಕುತ್ತಿದ್ದೆ. ಈ ಅನುಭವದ ಬಲದಿಂದಲೇ ನಾನು ತಜ್ಞನ ಗಾಂಭೀರ್ಯ ತಾಳಿ ವಾದಕ್ಕಿಳಿದೆ. ನನ್ನ ಪಕ್ಷ: ಈ ಗಾರ್ಡ್ ಚೆಂಡು ಹಿಡಿದು ಓಡುತ್ತಾನೆ, ಇನ್ನೊಬ್ಬನಿಗೆ ಕೊಡುತ್ತಾನೆ, ತಾನೊಂದೂ ಬುಟ್ಟಿಗೆ ಹಾಕುವುದಿಲ್ಲ, ಆದ್ದರಿಂದ ನಿಷ್ಪ್ರಯೋಜಕ. ಅವರ ಪಕ್ಷ: ಗಾರ್ಡ್ ಇರುವುದೇ ಅದಕ್ಕೆ.

“ಕಳ್ಳ ಕಟಿಗಿ ಗಾಡಿ ಹಿಡಿಯಾಂವ ಗಾರ್ಡ್ರಿ. ರಿಪೋರ್ಟಿನಾಗ ಹೆಸರು ರೇಂಜರ್‌ಂದು. ಹಂಗಂತ ಗಾರ್ಡ್ ಕೆಲಸಾ ಮಾಡ್ಲಿಲ್ಲೇನು?”

“ಚೆಂಡು ಕಳಕೊಂಡಿದ್ದು?”

“ಕಳಕೊಂಡಿಲ್ಲ, ಕಳವಾತು ಅನ್ರಿ. ಎರಡೂ ಬ್ಯಾರೆ. ಇವ ಒಬ್ಬಾಂವ, ಕಾಯೂ ಬೀಟ್ ಎಷ್ಟ ದೊಡ್ಡದು ಯಾಂವ ಬಲ್ಲ.”

ಸಂಜೆಗಳಿಗೆ ರುಚಿ ಬಂತು. ಹಗಲು ಡಿಪೋದಲ್ಲಿ ಕೂತು ಆ ಸಂಜೆಯ ಕುಹಕಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಚಹಕ್ಕೆ ಎರಡು ಲೋಟ ಇಳಿಸುವ ಅಭ್ಯಾಸವಾಯಿತು. ಆದರೆ ಒಂದು ಸಂಕಟ ನನ್ನೊಬ್ಬನದೇ ಆಗಿತ್ತು. ಬಾಯಲ್ಲಿ ಆ ಗಾರ್ಡ್ ಹುಡುಗನನ್ನು ಬೈಯುತ್ತಲೇ, ಅವನ ತಂಡ ಗೆಲ್ಲಲೆಂದು ಮನಸ್ಸಿನಲ್ಲೇ ಉಳವಿಯ ಗುಡಿಯ ಕಡೆಗೆ ಕೈ ಮುಗಿಯುತ್ತಿದ್ದೆ. ಅವನು ಸೋತು ಮನೆಗೆ ಹೋದರೆ ಶಿವಲಿಂಗಪ್ಪನವರೂ ಅವರ ಮನೆಗೆ ಹೋಗುತ್ತಾರೆ. ದೇವರು ಕೇಳಿಸಿಕೊಂಡ. ಧಾರವಾಡದವರು ಗೆಲ್ಲುತ್ತ ಗೆಲ್ಲುತ್ತ ಕಡೆಯ ಪಂದ್ಯಕ್ಕೇ ಬಂದರು. ಕಡೆಯದು ಎಂಬ ಶಬ್ದದ ಅರ್ಥವನ್ನು ನಾನಾಗಲಿ ದೇವರಾಗಲಿ ಮೊದಲೇ ಯೋಚಿಸಿರಲಿಲ್ಲ.

ಆ ಸಂಜೆ ಎದುರಾಳಿ ಬೆಳಗಾವಿಯವರು ಒಂದು ಅಂಕ ಮುಂದಿದ್ದರು. ಇನ್ನೇನು ಸೀಟಿ ಊದಬೇಕು. ಗಾರ್ಡ್ ಕೈಯಲ್ಲಿ ಚೆಂಡು. ಬುಟ್ಟಿಯ ಕೆಳಗೆ ಅವನ ಜತೆಗಾರ ಒಬ್ಬನೇ ಕೈ ಚಾಚಿ ನಿಂತಿದ್ದಾನೆ ಎಂದರು ವಿವರಣೆಕಾರರು. ಗಾರ್ಡ್ ಅವನಿಗೆ ಕೊಡಲಿಲ್ಲ. ತಾನೇ ಎಸೆದ. ಬುಟ್ಟಿಗೆ ಬಿತ್ತು.

ನಾನು ಮೈಮರೆತು, “ಶಾಭಾಸ್, ಏನ ಹುಡುಗ,” ಎಂದುಬಿಟ್ಟೆ.

ಶಿವಲಿಂಗಪ್ಪನವರು ಲೋಟ ಕೆಳಗಿಟ್ಟರು. “ಬಾಜೂಕ ಮನಷಾ ನಿಂತಿದ್ನಲ್ರಿ. ಕೊಡಬೇಕಿತ್ತು.”

“ಗೆದ್ರಲ್ರಿ.”

“ಗೆದ್ರು. ಗಾರ್ಡ್ ಕೆಲಸಾ ಬಿಟ್ಟು ಗೆದ್ದ.” ಟವಲು ಹೆಗಲಿಗೆ ಹಾಕಿಕೊಂಡರು. “ನೀವೂ ಈಗ ಅವನ ಪಾರ್ಟಿ ಆದ್ರಿ. ಆತು, ಕೆಲಸ ಮುಗೀತು. ಬರ್ತೇನ್ರಿ.”

ಮತ್ತೆ ಬರಲಿಲ್ಲ. ಮತ್ತೆ ಅದೇ ಎರಡು ಕಟ್ಟೆ, ಅದೇ ತಲೆಯಾಟ. ಎರಡನೆಯ ಲೋಟಕ್ಕೆ ಇಳಿಸಿದ ಚಹವನ್ನು ನಾನೇ ಕುಡಿಯುತ್ತ ಕೆಲವು ಸಂಜೆ ತಳ್ಳಿದೆ. ರೇಡಿಯೋ ಭತ್ತದ ಬೆಂಕಿರೋಗದ ಬಗ್ಗೆ ಹೇಳಿತು. ಅದರಲ್ಲಿ ವಾದಕ್ಕೆ ಆಸ್ಪದವಿರಲಿಲ್ಲ. ಕೊನೆಗೆ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನಾಚಿಕೆ ಬಿಟ್ಟು ದಾರಿ ದಾಟಿದೆ. ಕೆಲಸವಿಲ್ಲದೆ ಹೋಗುವಂತಿಲ್ಲವಲ್ಲ; ದಾರಿಯ ನಡುವೆ ಒಂದು ಕೆಲಸ ಹುಟ್ಟಿಸಿಕೊಂಡೆ.

“ಕಡ್ಡಿಪೆಟ್ಟಿಗಿ ಐತೇನ್ರಿ? ನಂದು ತೀರೇತಿ.”

ಇಂದು ತಂದರೆ ನಾಳೆ ಮರಳಿಸಬೇಕು. ಅವರು ಒಂದು ಮಾತಾಡುತ್ತಾರೆ, ನಾನು ‘ಹಂಗಲ್ಲ’ ಎನ್ನುತ್ತೇನೆ. ಲೆಕ್ಕಾಚಾರ ಅಚ್ಚುಕಟ್ಟಾಗಿತ್ತು. ಅವರು ಕಂದೀಲಿನ ಬಳಿಯಿಂದ ಪೆಟ್ಟಿಗೆ ತಂದು ನನ್ನ ಅಂಗೈಯಲ್ಲಿಟ್ಟರು.

“ಇಟಗೋರಿ. ವಾಪಸ್ ತರೂದ ಬ್ಯಾಡ.”

ಔದಾರ್ಯ ಇಷ್ಟು ನಿರ್ದಯವಾಗಿರಬಲ್ಲದೆಂದು ಆಗ ತಿಳಿಯಿತು. ನನ್ನ ಕಟ್ಟೆಗೆ ಬಂದು ಕೂತ ಮೇಲೆ ಹೊಳೆಯಿತು: ಆ ಹುಡುಗನಂತೆ ಇವರೂ ಚೆಂಡು ನನಗೆ ದಾಟಿಸಲಿಲ್ಲ, ತಾವೇ ಬುಟ್ಟಿಗೆ ಹಾಕಿ ಆಟ ಮುಗಿಸಿಬಿಟ್ಟರು. ಎಂಥ ವಾದ. ಇದನ್ನು ಅವರ ಮುಖಕ್ಕೇ ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಗಾಳಿ ಬೀಸಿ ಅವರ ಕಂದೀಲು ಆರಿತು. ಕತ್ತಲಲ್ಲಿ ಕಪಾಟು ತಡಕಾಡುವ ಸದ್ದು, ಆಮೇಲೆ ಒಂದು ಕೆಮ್ಮು. ಅವರ ಮನೆಯಲ್ಲಿದ್ದ ಒಂದೇ ಕಡ್ಡಿಪೆಟ್ಟಿಗೆ ನನ್ನ ಕೈಯಲ್ಲಿತ್ತು.

ಕೂಗಿ ಕೇಳುತ್ತಾರೆ, ಕೇಳಿದೊಡನೆ ಓಡೋಣ ಎಂದು ಹೊಸ್ತಿಲಲ್ಲಿ ನಿಂತೆ. ಅವರು ಕೇಳಲಿಲ್ಲ. ಎದುರಿಗೆ ಮನುಷ್ಯ ಕತ್ತಲಲ್ಲಿ ಕೂತಿದ್ದಾನೆ, ದಾರಿ ತೆರವಾಗಿದೆ, ತಡೆಯುವವರು ಯಾರೂ ಇಲ್ಲ. ಅಷ್ಟು ಸಂಜೆ ಆ ಹುಡುಗನ ತಪ್ಪುಗಳನ್ನು ಎತ್ತಿ ಆಡಿದ ಈ ತಜ್ಞ ಕೈಯಲ್ಲಿದ್ದ ಪೆಟ್ಟಿಗೆಯನ್ನು ದಾಟಿಸದೆ ಹಿಡಿದುಕೊಂಡು ನಿಂತೇ ಇದ್ದ.