ಸಹಿ ಇಲ್ಲದ ಬಾಯಿ

ನ್ಯಾಯಾಲಯದಲ್ಲಿ ಆಡಿದ ಮಾತು ಧ್ವನಿಯಲ್ಲಿ, ಚಿತ್ರದಲ್ಲಿ ಮತ್ತು ಬರಹದಲ್ಲಿ ಒಂದೇ ಆಗಿರತಕ್ಕದ್ದು. ಒಂದೇ ಆಗಿರದ ಪಕ್ಷದಲ್ಲಿ, ಅವುಗಳ ಪೈಕಿ ಸಹಿ ಇಲ್ಲದ್ದನ್ನು ತಿದ್ದತಕ್ಕದ್ದು. ಈ ನಿಯಮ ಬರೆದವರಿಗೆ ದರ್ಜಿಯ ಮೇಲೆ ದ್ವೇಷವೇನೂ ಇರಲಿಲ್ಲ.

ದರ್ಜಿಯ ದಾವೆ ಸಣ್ಣದು. ಅವನ ಕತ್ತರಿಯನ್ನು ಹೆಂಡತಿಯ ತಮ್ಮ, "ಈಗ ತಂದುಕೊಟ್ಟೆ ಭಾವ" ಎಂದು ಒಯ್ದವನು ತರಲೇ ಇಲ್ಲ. ಕೇಳಿದರೆ "ನಾಳೆ" ಎಂದ. ಮತ್ತೆ ಕೇಳಿದರೆ "ಯಾವ ಕತ್ತರಿ?" ಎಂದ. ಹೆಂಡತಿಯನ್ನು ಕೇಳಿದರೆ, "ಒಂದು ಕತ್ತರಿಗೋಸ್ಕರ ನನ್ನ ತವರನ್ನೇ ಕತ್ತರಿಸ್ತೀರಾ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಇತ್ತ ಬ್ಯಾಂಡಿನವರ ಕೋಟಿನ ಬಟ್ಟೆ ಥಾನುಗಟ್ಟಲೆ ಅಂಗಡಿಯಲ್ಲಿ ಬಿದ್ದಿತ್ತು. ಬೇರೆ ಕತ್ತರಿ ಅವನ ಹೆಬ್ಬೆರಳಿಗೆ ಒಗ್ಗದು. ದರ್ಜಿ ಕೋರ್ಟಿನ ಮೆಟ್ಟಿಲು ಹತ್ತಿದ.

ಕಟಕಟೆಯಲ್ಲಿ ನಿಂತು ಕೈಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ನನ್ನ ಕತ್ತರಿ, ಸ್ವಾಮಿ. ನಮ್ಮಪ್ಪನ ಕಾಲದ್ದು. ವಾರಕ್ಕೊಂದ್ಸಲ ಎಣ್ಣೆ ಹಾಕ್ತೀನಿ. ಹೋದ ವರ್ಷ ನಡುವಿನ ತಿರುಪು ಬಿಗಿ ಮಾಡಿಸಿದ್ದೆ. ಬೇರೆಯವರ ಕೈಗೆ ಹೋದ್ರೆ ಕಚ್ಚುತ್ತೆ."

ಕೇಳಿದ್ದನ್ನು ತಾನೇ ಬರೆದುಕೊಳ್ಳುವ ಹೊಸ ತಂತ್ರಾಂಶವೊಂದು ಆಗಷ್ಟೇ ನ್ಯಾಯಾಲಯಕ್ಕೆ ಬಂದಿತ್ತು. ಅದು ಮೊದಲ ಮಾತನ್ನು "ನನ್ನ ಕತ್ತೆ ರೀ, ಸ್ವಾಮಿ" ಎಂದು ಬರೆದುಕೊಂಡಿತು. ಮಿಕ್ಕದ್ದನ್ನು ಒಂದು ಕೊಂಬು, ಒಂದು ಇಳಿ ತಪ್ಪದೆ ಬರೆಯಿತು. ಓದಿದವರಿಗೆ ಅನುಮಾನ ಬರುವಂಥದ್ದೇನೂ ಕಾಣಲಿಲ್ಲ. ಸಹಿ ಬಿತ್ತು.

ಆಮೇಲೆ ದರ್ಜಿಗೆ ಹೊಂದಾಣಿಕೆ ವಿಭಾಗದಿಂದ ಕರೆ ಬಂತು. ಅದು ನ್ಯಾಯಾಲಯದ ಹಿಂಭಾಗದ ಕಿಟಕಿಯಿಲ್ಲದ ಕೋಣೆ. ಅಲ್ಲಿನ ಮೇಲ್ವಿಚಾರಕಿ ಕಿವಿಗೆ ಹಾಕುವ ಹೆಡ್‌ಫೋನನ್ನು ಸರದ ಹಾಗೆ ಕೊರಳಿಗೆ ಹಾಕಿಕೊಂಡು ಮೊಸರನ್ನ ತಿನ್ನುತ್ತಿದ್ದರು. ಡಬ್ಬಿ ಪಕ್ಕಕ್ಕಿಟ್ಟು ಪರದೆ ತೋರಿಸಿದರು.

"ನೋಡಿ, ಬರಹದ ಮೇಲೆ ಹಸಿರು ಗೆರೆ ಓಡುತ್ತೆ. ಅದರ ಜೊತೆಗೇ ನಿಮ್ಮ ಬಾಯಿ ಆಡಬೇಕು. ಇಲ್ಲಿ ಕೆಂಪಾಯ್ತು, ಕಂಡ್ತಾ? ಬರಹ ಕತ್ತೆ ಅಂತಿದೆ, ನಿಮ್ಮ ಬಾಯಿ ಬೇರೇನೋ ಅಂತಿದೆ."

"ನನ್ನ ಬಾಯಿ ಸರಿಯಾಗೇ ಹೇಳಿದೆ ಮೇಡಮ್ಮೋರೇ. ಬರಹ ತಪ್ಪು."

"ಬರಹಕ್ಕೆ ಸಹಿ ಇದೆ. ನಿಮ್ಮ ಬಾಯಿಗೆ ಇದೆಯಾ?"

ದರ್ಜಿ ತನಗರಿವಿಲ್ಲದೆ ತುಟಿ ಮುಟ್ಟಿ ನೋಡಿಕೊಂಡ. ಇರಲಿಲ್ಲ.

"ಒಂದಕ್ಷರ ತಿದ್ದೋಕಾಗಲ್ವಾ?"

"ಯಾಕಾಗಲ್ಲ? ತಪ್ಪು ಮಾಡಿದವರು ಖುದ್ದಾಗಿ ಬಂದು ಒಪ್ಪಿಕೊಂಡ್ರೆ ಧಾರಾಳವಾಗಿ ತಿದ್ದಬಹುದು. ಆದ್ರೆ ತಪ್ಪು ಮಾಡಿದ್ದು ತಂತ್ರಾಂಶ. ಪಾಪ, ಅದಕ್ಕೆ ಕಾಲಿಲ್ಲ." ಮೇಲ್ವಿಚಾರಕಿಯ ದನಿಯಲ್ಲಿ ನಿಜವಾದ ಮರುಕವಿತ್ತು. "ಗೆರೆ ಹಸಿರಾಗದೆ ತೀರ್ಪು ಬರಲ್ಲ. ನೀವೇ ಬಂದು ಕ್ಯಾಮೆರಾ ಮುಂದೆ ಇನ್ನೊಂದ್ಸಲ ಹೇಳಿ ಹೋಗ್ಬಿಡಿ. ಅದೇ ಅಂಗಿ ಇರಲಿ. ಅವತ್ತು ಬೆವರಿದ್ರಿ, ಬೆವರಿಗೆ ನೀರು ನಮ್ಮಲ್ಲೇ ಇದೆ."

ಬ್ಯಾಂಡಿನವರು ದಿನವೂ ಅಂಗಡಿ ಮುಂದೆ ಬಂದು ಡೋಲು ಬಡಿದು ಹೋಗುತ್ತಿದ್ದರು. ದರ್ಜಿ ಒಪ್ಪಿಕೊಂಡ. ಆದರೆ ಚಿಕ್ಕಂದಿನಿಂದ ಕತ್ತರಿ ಎಂದ ನಾಲಿಗೆ. ಕತ್ತೆ ಎನ್ನಲು ಹೋದರೂ ಕತ್ತರಿ ಎಂದೇ ಹೊರಳುತ್ತಿತ್ತು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ. ಹೆಂಡತಿಗೆ ನೋಡಲಾಗಲಿಲ್ಲ.

"ಅಷ್ಟು ಒದ್ದಾಡೋದೇನಿದೆ? ಹೀಗೆ ಹೇಳಿ. ಕತ್ತೆ… ರೀ!"

ಅವಳ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ, ಬಹಳ ವರ್ಷಗಳ ರೂಢಿಯಿರಬೇಕೆಂದು ದರ್ಜಿಗೆ ಅನಿಸಿತು. ಅವನು ಅದನ್ನು ವಿಚಾರಿಸಲು ಹೋಗಲಿಲ್ಲ.

ಮರುಚಿತ್ರೀಕರಣ ಸುಸೂತ್ರವಾಗಿ ನಡೆಯಿತು. ಗೆರೆ ಈ ತುದಿಯಿಂದ ಆ ತುದಿಯವರೆಗೆ ಹಸಿರಾಗಿ ಓಡಿದಾಗ ವಿಭಾಗದವರೆಲ್ಲ ಚಪ್ಪಾಳೆ ತಟ್ಟಿದರು. ಸರ್ಕಾರಿ ಕಚೇರಿಯಲ್ಲಿ ತನ್ನದೊಂದು ಕೆಲಸ ಹಸಿರಾದದ್ದು ಇದೇ ಮೊದಲು; ದರ್ಜಿಯ ಕಣ್ಣಲ್ಲಿ ನೀರು ಬಂತು. ಅದನ್ನು ಹೆಚ್ಚುವರಿ ಬೆವರೆಂದು ನಮೂದಿಸಲಾಯಿತು.

ತೀರ್ಪಿನ ದಿನ ಬಾಮೈದನಿಗೆ ಹೆದರಿಕೆ ಹತ್ತಿ, ಕತ್ತರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದ. ಹರಿತವಾದ ಆಯುಧವೆಂದು ಬಾಗಿಲ ಕಾವಲುಗಾರ ಅದನ್ನು ಕಿತ್ತುಕೊಂಡು ಉಗ್ರಾಣಕ್ಕೆ ಹಾಕಿದ.

"ಸ್ವಾಮಿ, ನಾನು ತಗೊಂಡಿದ್ದು ಕತ್ತರಿ!" ಎಂದು ಬಾಮೈದ ಗೋಗರೆದ. "ಭಾವ, ನೀವಾದ್ರೂ ಹೇಳಿ!"

ದರ್ಜಿ ಬಾಯಿ ತೆರೆದ. ಮೇಲ್ವಿಚಾರಕಿ ದೂರದಿಂದಲೇ ಬೆರಳು ಅಲ್ಲಾಡಿಸಿದರು. ದರ್ಜಿ ಬಾಯಿ ಮುಚ್ಚಿದ.

ನ್ಯಾಯಾಧೀಶರು ಕನ್ನಡಕ ತೆಗೆದು ಹೇಳಿದರು: "ದಾಖಲೆಯಲ್ಲಿ ಇಲ್ಲದ ವಸ್ತುವನ್ನು ಒಯ್ದೆನೆಂದು ಪ್ರತಿವಾದಿ ಹೆಮ್ಮೆಪಡತಕ್ಕದ್ದಲ್ಲ. ಕತ್ತೆಯನ್ನು ವಾದಿಗೆ ಒಪ್ಪಿಸತಕ್ಕದ್ದು."

ಬಾಮೈದ ಇಟ್ಟಿಗೆ ಗೂಡಿನವರ ಕಾಲು ಹಿಡಿದು ಒಂದು ಮುದಿಗತ್ತೆ ತಂದ. ಅದು ಸಾಕ್ಷ್ಯದಲ್ಲಿ ಹೇಳಿದ ಕತ್ತೆಯೇ ಹೌದೋ ಅಲ್ಲವೋ ನೋಡಲು ಪಶುವೈದ್ಯರು ಬಂದರು. ಅವರ ಪ್ರಮಾಣಪತ್ರ ಹೀಗಿತ್ತು: "ವಯಸ್ಸು, ವಾದಿಯ ತಂದೆಯ ಕಾಲದ್ದು. ಎಣ್ಣೆ ಹಾಕಲಾಗಿದೆ. ನಡುವಿನ ತಿರುಪು ಬಿಗಿಯಾಗಿದೆ. ಬೇರೆಯವರ ಕೈಗೆ ಹೋದರೆ ಕಚ್ಚುತ್ತದೆ." ಕೊನೆಯ ಸಾಲನ್ನು ಅವರು ಎಡಗೈಯಲ್ಲಿ ಬರೆದಿದ್ದರು, ಬಲಗೈಗೆ ಪಟ್ಟಿ ಕಟ್ಟಿತ್ತು.

ಹೀಗೆ ದರ್ಜಿ ದಾವೆ ಗೆದ್ದು ಕತ್ತೆ ಹೊಡೆದುಕೊಂಡು ಮನೆಗೆ ಬಂದ. ಹೆಂಡತಿ, ತವರಿನಿಂದ ಬಂದದ್ದಲ್ಲವೇ ಎಂದು, ಅದಕ್ಕೆ ಮೊದಲು ನೀರಿಟ್ಟು ಆಮೇಲೆ ಗಂಡನಿಗೆ ಕೊಟ್ಟಳು.

ಇಂಥ ತೊಡಕು ಇನ್ನೊಬ್ಬರಿಗೆ ಬಾರದಿರಲೆಂದು ಹೊಂದಾಣಿಕೆ ವಿಭಾಗ ಒಂದು ಪ್ರಕಟಣೆ ಹೊರಡಿಸಿತು: "ಬಟ್ಟೆ, ಕೂದಲು ಇತ್ಯಾದಿ ಕತ್ತರಿಸುವ ಎರಡು ಅಲಗಿನ ಉಪಕರಣವನ್ನು ಸಾರ್ವಜನಿಕರು ಇನ್ನು ಮುಂದೆ ಕತ್ತೆ ಎಂದೇ ಕರೆಯತಕ್ಕದ್ದು. ಮುಂದೆಂದಾದರೂ ಸಾಕ್ಷಿ ಹೇಳಬೇಕಾಗಿ ಬಂದಲ್ಲಿ ತಮಗೇ ಅನುಕೂಲ." ಜನ ಮೊದಲೆರಡು ದಿನ ನಕ್ಕರು. ಆದರೆ ಕೋರ್ಟು ಕಚೇರಿ ಯಾರಿಗೆ ಯಾವಾಗ ಬರುತ್ತದೆಂದು ಯಾರು ಬಲ್ಲರು? ಕ್ಷೌರಿಕ ತನ್ನ ಗಿರಾಕಿಗೆ, "ಮೀಸೆಗೆ ಸಣ್ಣ ಕತ್ತೆ ಹಾಕ್ಲಾ?" ಎನ್ನತೊಡಗಿದ. ಗಿರಾಕಿ ಗದ್ದ ಎತ್ತಿಕೊಟ್ಟ.

ಕೋಟು ಹೊಲಿಯಬೇಕಿತ್ತು. ದಾಖಲೆಯಲ್ಲಿಲ್ಲದ ಕತ್ತರಿ ಉಗ್ರಾಣದಿಂದ ಹೊರಬರುವಂತಿರಲಿಲ್ಲ. ದರ್ಜಿ ಪ್ರಾಣಿಯನ್ನು ಹೊರಗಿನ ಕಂಬಕ್ಕೆ ಕಟ್ಟಿ ಪಾತ್ರೆ-ಪಡಗ ಮಾರುವ ಅಂಗಡಿಯ ಒಳಗೆ ಹೋದ.

"ಒಂದು ಕತ್ತೆ ಕೊಡಿ."

"ಎಡಗೈದಾ, ಬಲಗೈದಾ?"

"ಬಲಗೈದು."

ಅಂಗಡಿಯವನು ಒಂದನ್ನು ತೆಗೆದುಕೊಟ್ಟ. ದರ್ಜಿ ಬೆರಳು ತೂರಿಸಿ, ಗಾಳಿಯಲ್ಲಿ ಕಚಕ್ಕೆನಿಸಿ ನೋಡಿದ. ಪರವಾಗಿಲ್ಲ, ಒಗ್ಗಬಹುದು. ಹೊರಗಿನಿಂದ ಬೀದಿಯೇ ನಡುಗುವಂಥ ಅರಚಾಟ ಕೇಳಿಸಿತು.

ಅಂಗಡಿಯವನು ಕತ್ತು ಚಾಚಿ ನೋಡಿದ. "ಅದು ನಿಮ್ದೇನಾ? ಅದಕ್ಕೇನಂತಾರೆ?"

"ಇನ್ನೂ ಆದೇಶ ಬಂದಿಲ್ಲ," ಎಂದ ದರ್ಜಿ.