ಒಬ್ಬನೇ ಇದ್ದ ಕುಸ್ತಿ ವಿಭಾಗ

ಒಂದು ಕ್ರೀಡಾ ಸಂಘದಲ್ಲಿ ವರ್ಷಗಟ್ಟಲೆ ಇದ್ದೂ ಒಂದು ಆಟವನ್ನೂ ಕಲಿಯದೆ ಉಳಿಯುವುದು ಸುಲಭದ ಮಾತಲ್ಲ. ಅದಕ್ಕೂ ಒಂದು ಶಿಸ್ತು ಬೇಕು. ಮಧುಗಿರಿಯ ಕೋಟೆಬೆಟ್ಟದ ಬುಡದಲ್ಲಿರುವ ನಮ್ಮ ಸಂಘದಲ್ಲಿ ಆ ಶಿಸ್ತನ್ನು ತಪ್ಪದೆ ಪಾಲಿಸಿಕೊಂಡು ಬಂದವನು ನಾನು. ವಾಲಿಬಾಲ್‌ನಲ್ಲಿ ನಾನು ಸರ್ವಿಸ್ ಮಾಡಿದರೆ ಚೆಂಡು ನೆಟ್ಟಿಗಿಂತ ಹೆಚ್ಚಾಗಿ ನಮ್ಮವರ ಬೆನ್ನನ್ನೇ ಹುಡುಕಿಕೊಂಡು ಹೋಗುತ್ತದೆ. ಕಬಡ್ಡಿಗೆ ಇಳಿದರೆ, ಇವನನ್ನು ಹಿಡಿದು ಏನು ಬಂತು ಎಂದು ಎದುರಿನವರು ಕೈಕಟ್ಟಿ ನಿಲ್ಲುತ್ತಾರೆ. ಆದರೂ ಊರಿನಲ್ಲಿದ್ದ ಸಂಜೆಗಳಲ್ಲಿ ನಾನಿಲ್ಲದೆ ಸಂಘ ನಡೆಯುವುದಿಲ್ಲ. ಆಟ ಮುಗಿದ ಮೇಲೆ ಬೇವಿನಕಟ್ಟೆಯ ಮೇಲೆ ನಿಂತು, ಯಾರು ಹೇಗೆ ಓಡಿದರು, ಹೇಗೆ ಬಿದ್ದರು, ಬಿದ್ದು ಎದ್ದವರು ಪಂಚೆ ಕೊಡವಿಕೊಂಡು ಯಾರ ಮೇಲೆ ತಪ್ಪು ಹೊರಿಸಿದರು ಎಂಬುದನ್ನೆಲ್ಲ ಮಾಡಿ ತೋರಿಸುವವನು ನಾನು. ಜನ ಆಟ ನೋಡಲು ಬರುತ್ತಾರೋ ಆಟದ ಅಣಕ ನೋಡಲು ಬರುತ್ತಾರೋ ಎಂಬ ಸಂಶಯ ನನಗೆ ಆಗಾಗ ಬಂದು, ನನ್ನ ಕಾಲರನ್ನು ನಾನೇ ಎತ್ತಿಕೊಂಡದ್ದುಂಟು. ಅಮ್ಮ ಮಾತ್ರ ಒಮ್ಮೆ ರೊಟ್ಟಿ ತಟ್ಟುತ್ತಾ, ಎಲ್ಲರ ಥರವೂ ನಡೀತೀಯಲ್ಲಪ್ಪಾ, ನಿನ್ನ ನಡಿಗೆ ಅಂತ ಒಂದೈತಾ ಎಂದು ಕೇಳಿದ್ದಳು. ನಾನು ಅಮ್ಮನ ಥರವೇ ಸೊಂಟದ ಮೇಲೆ ಕೈಯಿಟ್ಟು ನಿಂತು ತೋರಿಸಿ, ಅವಳನ್ನು ನಗಿಸಿ ತಪ್ಪಿಸಿಕೊಂಡೆ.

ನನ್ನ ಹೊಟ್ಟೆಪಾಡು ಇರುವುದು ಪಾವಗಡದ ಕಡೆ, ಬಲಸಮುದ್ರದ ಸೋಲಾರ್ ಪಾರ್ಕಿನಲ್ಲಿ; ರಜೆ ಸಿಕ್ಕಾಗ ಊರಿಗೆ ಬರುತ್ತೇನೆ. ನಮ್ಮ ಅಜ್ಜಂದಿರು ಬಾಯಿಗೆ ಬಂದಂತೆ ಬೈಯುತ್ತಿದ್ದ ಬಿಸಿಲನ್ನು ನಾವು ಈಗ ಸಂಬಳ ತೆಗೆದುಕೊಂಡು ಕಾಯುತ್ತೇವೆ. ಅಲ್ಲಿನ ಯಂತ್ರವೊಂದು ಆಗಾಗ ಮುನಿಸಿಕೊಳ್ಳುತ್ತದೆ. ಅದು ಹುಟ್ಟಿದ್ದು ಜರ್ಮನಿಯಲ್ಲಿ. ಹಾಗಾಗಿ ಅದರ ಮುನಿಸನ್ನು ತಣಿಸಲು ಅಲ್ಲಿನ ಎಂಜಿನಿಯರ್ ಯೊಹಾನ್ಸ್ ಎಂಬಾತ ವೀಡಿಯೋದಲ್ಲಿ ಬರುತ್ತಾನೆ. ಯಂತ್ರ ಮತ್ತೆ ಶುರುವಾಗುವವರೆಗೆ ಇಬ್ಬರೂ ಮುಖ ಮುಖ ನೋಡಿಕೊಂಡು ಕಾಯಬೇಕು. ಅವನ ಇಂಗ್ಲಿಷ್ ನನಗೆ ಅರ್ಧ, ನನ್ನದು ಅವನಿಗೆ ಕಾಲು. ಹಾಗೆ ಕಾಯುತ್ತಿದ್ದ ಒಂದು ದಿನ ಅವನು, ಬೇಗ ಮುಗಿಸೋಣ, ಇವತ್ತು ಸಂಜೆ ನಮ್ಮ ಸಂಘದ ಆಟವಿದೆ ಎಂದ. ನಮ್ಮದೂ ಒಂದು ಸಂಘವಿದೆ ಎಂದು ನಾನೆಂದೆ. ಅಲ್ಲಿಂದ ಶುರುವಾಯಿತು ನೋಡಿ.

ಅವನ ಊರು ನಮ್ಮ ಕೊರಟಗೆರೆಯಷ್ಟೇ ಇರಬಹುದಂತೆ. ಆದರೆ ಸಂಘಕ್ಕೆ ನೂರು ವರ್ಷ ದಾಟಿದೆಯಂತೆ. ಹಿಂದೆ ಯಾರೋ ಒಂದಿಷ್ಟು ಜನ ಮೀಸೆಯವರು ಸೇರಿ ಕಂಬಿಗೆ ಜೋತುಬೀಳುವ, ಮರದ ಕುದುರೆಯ ಮೇಲೆ ಹಾರುವ ಕಸರತ್ತು ಶುರುಮಾಡಿದರಂತೆ. ಅದೇ ಬೇರು. ನಡುವೆ ಯುದ್ಧ ಬಂದು ಬಾಗಿಲು ಮುಚ್ಚಿತು, ಮತ್ತೆ ತೆರೆಯಿತು. ಆಮೇಲೆ ಫುಟ್‌ಬಾಲ್ ವಿಭಾಗ, ಹ್ಯಾಂಡ್‌ಬಾಲ್ ವಿಭಾಗ, ಟೇಬಲ್ ಟೆನಿಸ್ ವಿಭಾಗ, ಹೆಂಗಸರ ವ್ಯಾಯಾಮದ ವಿಭಾಗ ಎಂದು ಕೊಂಬೆ ಮೇಲೆ ಕೊಂಬೆ ಚಿಗುರಿದವು. ಹೃದಯದ ಕಾಯಿಲೆ ಇರುವವರಿಗೂ ಒಂದು ವಿಭಾಗವಿದೆಯಂತೆ. ಅವರು ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೆಲ್ಲಗೆ ಕೈಕಾಲು ಆಡಿಸುತ್ತಾರಂತೆ. ಮೊದಲಿನ ಕಸರತ್ತಿನ ವಿಭಾಗದಲ್ಲಿ ಈಗ ಕೆಲವೇ ಮುದುಕರಿದ್ದಾರೆ, ಆದರೂ ಅದನ್ನು ಮುಚ್ಚುವ ಮಾತನ್ನು ಯಾರೂ ಎತ್ತುವುದಿಲ್ಲ ಎಂದ. ಯಾಕೆ ಎಂದು ಕೇಳುವಷ್ಟರಲ್ಲಿ ಯಂತ್ರಕ್ಕೆ ಜೀವ ಬಂದು ಅವನು ಮಾಯವಾದ.

ಆ ವಾರ ಊರಿಗೆ ಬಂದವನು ಕಟ್ಟೆಯ ಮೇಲೆ ನಿಂತು ಯೊಹಾನ್ಸನೇ ಆಗಿಹೋದೆ. ಮೂಗಿನಲ್ಲಿ ಮಾತಾಡಿದೆ, ಇಲ್ಲದ ಕನ್ನಡಕ ಸರಿಪಡಿಸಿಕೊಂಡೆ, ಹೃದ್ರೋಗದವರ ಪಂದ್ಯಕ್ಕೆ ಕಾಮೆಂಟರಿ ಹೇಳಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು, ಅಧ್ಯಕ್ಷ ನಾಗರಾಜಣ್ಣನೊಬ್ಬನನ್ನು ಬಿಟ್ಟು. ನಾಗರಾಜಣ್ಣನಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಸಿಮೆಂಟು, ಕಬ್ಬಿಣದ ಅಂಗಡಿ. ಯಾವುದನ್ನು ಕೇಳಿದರೂ ತೂಕಕ್ಕೆ ಹಾಕಿ ನೋಡುವ ಮನುಷ್ಯ. ಮುಂದಿನ ಭಾನುವಾರ ಸಭೆ ಕರೆದು, ನಮ್ಮಲ್ಲಿ ಎಲ್ಲವೂ ಕಲಸುಮೇಲೋಗರ ಆಗಿದೆ, ಇನ್ನು ಮೇಲೆ ವಿಭಾಗಗಳು ಎಂದು ಘೋಷಿಸಿಯೇ ಬಿಟ್ಟ. ವಿಭಾಗಕ್ಕೊಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಒಬ್ಬ ಸಂಚಾಲಕ. ವಾಲಿಬಾಲ್, ಕಬಡ್ಡಿ, ಷಟಲ್, ಕೇರಂ, ಕೊನೆಗೆ ಹೆಸರಿಗೊಂದು ಕುಸ್ತಿ. ಮರುದಿನದಿಂದಲೇ ನಮ್ಮ ಸಂಘದಲ್ಲಿ ಆಟಗಾರರು ಯಾರೂ ಉಳಿಯಲಿಲ್ಲ. ಕಾಂಪೌಂಡಿನಾಚೆ ಬಿದ್ದ ಚೆಂಡನ್ನು ಉಪಾಧ್ಯಕ್ಷ ತರುವುದೋ ಸಂಚಾಲಕ ತರುವುದೋ ಎಂಬ ಚರ್ಚೆಯಲ್ಲಿ ಕತ್ತಲಾಗುತ್ತಿತ್ತು. ಕೇರಂ ವಿಭಾಗದ ಅಧ್ಯಕ್ಷನಂತೂ ಬೋರ್ಡಿಗೆ ಪೌಡರು ಹಾಕುವುದನ್ನೂ ಬಿಟ್ಟು, ಹಾಕಿ ಎಂದು ಹೇಳತೊಡಗಿದ. ಅಣಕಕ್ಕೆ ಒಂದು ವಿಭಾಗ ಕೊಡಿ ಎಂದು ನಾನು ಕೇಳಿದ್ದಕ್ಕೆ, ಅದು ಆಟವಲ್ಲ, ಚಟ ಎಂದು ತಳ್ಳಿಹಾಕಿದರು. ಹೀಗೆ ಇಡೀ ಸಂಘದಲ್ಲಿ ಪದವಿಯಿಲ್ಲದವನಾಗಿ ಉಳಿದವನು ನಾನು.

ಇನ್ನೊಬ್ಬ ಇದ್ದ ಅನ್ನಿ. ಹನುಮಂತಣ್ಣ, ನಮ್ಮೂರಿನವರಿಗೆಲ್ಲ ಪೈಲ್ವಾನ್. ಸಂಘ ಹುಟ್ಟಿದ್ದೇ ಗರಡಿಯಾಗಿ. ಮೈದಾನದ ಮೂಲೆಯಲ್ಲಿ ತಗಡಿನ ಸೂರು, ಗೋಡೆಯಲ್ಲೊಂದು ಆಂಜನೇಯನ ಗೂಡು, ಕೆಳಗೆ ತಗ್ಗಿನಲ್ಲಿ ಕೆಂಪು ಮಟ್ಟಿ ಮಣ್ಣು. ನೆಟ್ಟು, ಬ್ಯಾಟು, ಬೋರ್ಡು ಎಲ್ಲ ಆಮೇಲೆ ಬಂದ ನೆಂಟರು. ಪೈಲ್ವಾನ್ ಕುರಿ ಕಾಯುವ ಮನೆತನದವನು. ದಿನಾ ಬೆಳಗಾಗುತ್ತಲೇ ಬಂದು ಮಣ್ಣು ಅಗೆದು, ಹದ ಮಾಡಿ, ದೀಪ ಹಚ್ಚಿ, ಎದುರಾಳಿಯಿಲ್ಲದೆ ಸೆಡ್ಡು ಹೊಡೆದು, ಆಮೇಲೆ ಮಗನ ಮಟನ್ ಅಂಗಡಿಗೆ ಹೋಗಿ ಕೂರುತ್ತಾನೆ. ಸಿರಾದ ಜಟ್ಟಿಯೊಬ್ಬನನ್ನು ತಾನು ಎತ್ತಿ ಒಗೆದ ಕಥೆ ಹೇಳಲು ಶುರುಮಾಡಿದರೆ, ಒಗೆಸಿಕೊಂಡವನು ಒಂದೊಂದು ಸಲ ಒಂದೊಂದು ದೂರದಲ್ಲಿ ಬೀಳುತ್ತಾನೆ. ಕಳೆದ ಸಲ ಮದಲೂರು ಕೆರೆಯ ಹತ್ತಿರ ಬಿದ್ದಿದ್ದ. ಪೈಲ್ವಾನನ ಗುಡುಗು ದನಿ, ತೋಳು ಬಿಟ್ಟುಕೊಂಡು ಬರುವ ಠೀವಿ, ಸೆಡ್ಡು, ಇವೆಲ್ಲ ನನ್ನ ಕಟ್ಟೆಯ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಬೇಡಿಕೆಯ ಐಟಮ್ಮು.

ನಾಗರಾಜಣ್ಣ ಒಂದು ರೂಲ್ಸು ತಂದ. ವಾರ್ಷಿಕೋತ್ಸವದ ದಿನ ಪ್ರತಿ ವಿಭಾಗವೂ ತನ್ನ ಸದಸ್ಯರಿಂದ ಒಂದು ಪಂದ್ಯ ಆಡಿಸಿ ತೋರಿಸಬೇಕು. ಆಡಿಸಲಾಗದ ವಿಭಾಗ ರದ್ದು. ಕುಸ್ತಿ ವಿಭಾಗದಲ್ಲಿದ್ದದ್ದು ಪೈಲ್ವಾನ್ ಒಬ್ಬನೇ. ಒಬ್ಬನೇ ಕುಸ್ತಿ ಆಡಿದರೆ ಅದನ್ನು ನೋಡುವ ಡಾಕ್ಟರೇ ಬೇರೆ. ರದ್ದಾದ ಮೇಲೆ ಆ ತಗ್ಗು ಮುಚ್ಚಿ ಷಟಲ್ ಕೋರ್ಟು ಮಾಡುವುದು, ಸಿಮೆಂಟು ನಾನೇ ಕೊಡುತ್ತೇನೆ ಎಂದ. ನಾಗರಾಜಣ್ಣ ಕೆಟ್ಟವನೇನಲ್ಲ. ಸಿಮೆಂಟು ಮಾರುವವನ ಕಣ್ಣಿಗೆ ಮಣ್ಣೆಲ್ಲ ಮುಗಿಯದ ಕೆಲಸದ ಹಾಗೇ ಕಾಣುವುದು ಸಹಜ.

ಎರಡು ದಿನ ಬಿಟ್ಟು ಪೈಲ್ವಾನ್ ನಮ್ಮ ಮನೆಗೇ ಬಂದ. ಅಣಕದ ಸುದ್ದಿ ಕಿವಿಗೆ ಬಿತ್ತು ಎಂದುಕೊಂಡೆ. ಅಮ್ಮ ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು, ಲೋಟ ಪಕ್ಕಕ್ಕಿಟ್ಟು ಹೇಳಿದ: "ನೀನು ನನ್ ಥರ ಮಾಡ್ತೀಯಂತಲ್ಲ, ಗೋಡೆ ಪಕ್ಕ ನಿಂತು ನೋಡಿವ್ನಿ ಕಣ್ಲಾ. ಸೊಂಟದಿಂದ ಮ್ಯಾಕೆ ಸರಿಯಾಗೈತೆ. ಕಾಲೇ ಸುಳ್ಳು."

ತಪ್ಪಾಯ್ತು ಹನುಮಂತಣ್ಣ ಅನ್ನಬೇಕೋ, ಕಾಲು ಹೇಗಿಡಬೇಕು ಎಂದು ಕೇಳಬೇಕೋ ತಿಳಿಯದೆ ತಲೆ ಕೆರೆದುಕೊಂಡೆ. ಈ ಊರಿನಲ್ಲಿ ನನ್ನ ಹಾಗೆ ಸೆಡ್ಡು ಹೊಡೆಯುವವನು ನೀನೊಬ್ಬನೇ, ನನ್ನ ಎದುರಿಗೆ ನೀನೇ ಇಳಿ ಎಂದ. ನನಗೆ ಕುಸ್ತಿಯ ಗಂಧಗಾಳಿಯೂ ಇಲ್ಲ ಎಂದೆ. ಆಗ ಪೈಲ್ವಾನನ ದನಿಯಲ್ಲಿ ಗುಡುಗಿರಲಿಲ್ಲ.

"ಆ ಮಣ್ಣು ಮುಚ್ಬುಟ್ರೆ ಬೆಳಿಗ್ಗೆ ಎದ್ದು ಎಲ್ಲಿಗೋಗ್ಲಿ ಅಂತ ನಂಗೇ ಗೊತ್ತಾಗಾಕಿಲ್ಲ ಕಣ್ಲಾ. ಮನ್ಯಾಗೆ ಯಾರೂ ಏನೂ ಅನ್ನಲ್ಲ, ಬುಡು. ಆದ್ರೂ ಒಂದ್ ಜಾಗ ಬೇಕಲ್ಲ."

ಅದನ್ನು ಹೇಳುವಾಗ ಪೈಲ್ವಾನ್ ನನ್ನನ್ನು ನೋಡಲಿಲ್ಲ, ಖಾಲಿ ಲೋಟವನ್ನು ನೋಡಿದ. ಇಷ್ಟು ವರ್ಷ ಆ ಮನುಷ್ಯನನ್ನು ಗಮನಿಸಿ ಗಮನಿಸಿ ಅಣಕಿಸಿದವನು ನಾನು. ಈ ನೋಟ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಆಗಲಿ ಎಂದೆ. ರಜೆಯಲ್ಲಿದ್ದ ನಾಲ್ಕು ಬೆಳಗು ಹೋಗಿ ಮಣ್ಣಿನಲ್ಲಿ ಕಾಲಿಡುವುದನ್ನು ಕಲಿತೆ. ಕಲಿತದ್ದಕ್ಕಿಂತ ಬೈಸಿಕೊಂಡದ್ದು ಹೆಚ್ಚು.

ವಾರ್ಷಿಕೋತ್ಸವದ ದಿನ ಲಂಗೋಟಿಯ ಧೈರ್ಯ ಸಾಲದೆ ನಾನು ಚಡ್ಡಿಯಲ್ಲಿ ಇಳಿದೆ. ಎದುರಿಗೆ ಎಣ್ಣೆ ಸವರಿಕೊಂಡ ಪೈಲ್ವಾನ್. ಪೈಲ್ವಾನ್ ಸೆಡ್ಡು ಹೊಡೆದ, ನಾನು ಅದೇ ಸೆಡ್ಡು ಹೊಡೆದೆ. ಮಣ್ಣು ಹಣೆಗೆ ಹಚ್ಚಿಕೊಂಡ, ಹಾಗೇ ಹಚ್ಚಿಕೊಂಡೆ. ಇಬ್ಬರು ಪೈಲ್ವಾನರನ್ನು ಕಂಡ ಜನ ಹೊಟ್ಟೆ ಹಿಡಿದುಕೊಂಡರು. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ: ವಯಸ್ಸಾದವನು, ಸ್ವಲ್ಪ ಹೊತ್ತು ಆಡಿ ಚೆಂದವಾಗಿ ಸೋತುಬಿಡೋಣ. ಬೀಳುವುದನ್ನು ನಟಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಕೈಕೈ ಸೇರಿತು. ಎರಡು ಸುತ್ತು ತಿರುಗಿದ್ದೇವೆ, ಪೈಲ್ವಾನನ ಬಲಮಂಡಿ ಗಡಗಡ ನಡುಗಿತು. ಮೈ ವಾಲಿತು. ಅಯ್ಯೋ, ಎಲ್ಲರೆದುರಿಗೆ ಬಿದ್ದುಬಿಟ್ಟರೆ ಎಂದುಕೊಂಡೆ. ಪಂದ್ಯ, ಅಣಕ, ತೀರ್ಮಾನ ಎಲ್ಲ ಮರೆತು ಆ ದೇಹಕ್ಕೆ ಆನಿಕೆಯಾಗಲು ಮುಂದೆ ಬಗ್ಗಿದೆ. ಅಷ್ಟೇ ಗೊತ್ತು. ಕೋಟೆಬೆಟ್ಟ ತಲೆಕೆಳಗಾಗಿ ಕಂಡಿತು, ತಗಡಿನ ಸೂರು ಕಂಡಿತು, ಬೆನ್ನಿಗೆ ತಣ್ಣನೆಯ ಮಣ್ಣು ಸಿಕ್ಕಿತು. ನಟಿಸಲು ಪುರುಸೊತ್ತೇ ಸಿಗಲಿಲ್ಲ. ಎದೆಯ ಮೇಲೆ ಕೂತ ಪೈಲ್ವಾನ್ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಮುದುಕನ ಥರ ನಾನೂ ಮಾಡ್ತೀನಿ ಕಣ್ಲಾ. ಎಂಗಿತ್ತು?"

ನಾಗರಾಜಣ್ಣ ಮೈಕಿನಲ್ಲಿ, ಕುಸ್ತಿ ವಿಭಾಗ ಪಂದ್ಯ ಆಡಿಸಿದೆ, ಸದಸ್ಯರು ಇಬ್ಬರು, ರೂಲ್ಸು ಅಂದರೆ ರೂಲ್ಸು, ಷಟಲ್ ಕೋರ್ಟಿಗೆ ಬೇರೆ ಜಾಗ ನೋಡೋಣ ಎಂದು ಸಾರಿದ. ಹೀಗೆ ಮಲಗಿದ್ದಲ್ಲಿಯೇ ನಾನು ಕುಸ್ತಿ ವಿಭಾಗಕ್ಕೆ ಸೇರ್ಪಡೆಯಾದೆ.

ಮರುದಿನ ಬೆಳಿಗ್ಗೆ ಸದಸ್ಯನ ಧರ್ಮವೆಂದು ಮಣ್ಣು ಅಗೆಯಲು ಹೋದೆ. ಪೈಲ್ವಾನ್ ನನಗಿಂತ ಮೊದಲೇ ಬಂದಿದ್ದ. ನಾನು ಬಂದದ್ದು ಗೊತ್ತಾಗಿರಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು ತಗ್ಗಿಗೆ ಇಳಿಯುತ್ತಿದ್ದ. ಬಲಮಂಡಿ ನಡುಗುತ್ತಿತ್ತು, ನಿನ್ನೆ ನಡುಗಿದ ಹಾಗೆಯೇ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಜೋರಾಗಿ ಕೆಮ್ಮಿಕೊಂಡು ಮತ್ತೆ ಬಂದೆ. ಬರುವಷ್ಟರಲ್ಲಿ ಪೈಲ್ವಾನ್ ತೋಳು ಬಿಟ್ಟುಕೊಂಡು ನೆಟ್ಟಗೆ ನಿಂತಿದ್ದ. ಇಷ್ಟೊತ್ತಿಗಾ ಬರಾದು ಎಂದು ಗುಡುಗಿ ಸನಿಕೆ ಎಸೆದ.

ಸಂಜೆ ಕಟ್ಟೆಯ ಮೇಲೆ ಎಲ್ಲರೂ ಪೈಲ್ವಾನನನ್ನು ಮಾಡು ಎಂದು ದುಂಬಾಲು ಬಿದ್ದರು. ದನಿ ಮಾಡಿದೆ, ಸೆಡ್ಡು ಹೊಡೆದೆ, ಸಿರಾದವನನ್ನು ಈ ಸಲ ನಿಡುಗಲ್ ಬೆಟ್ಟದವರೆಗೂ ಒಗೆದೆ. ಮಂಡಿ, ಮಂಡಿ ಎಂದು ಕೂಗಿದರು. ಅದನ್ನು ಮಾಡಲಾರೆ, ಅದು ನನಗೆ ಬರುವುದಿಲ್ಲ ಎಂದು ಹೇಳಿ ಕಟ್ಟೆಯಿಂದ ಇಳಿಯಲು ಕಾಲು ಕೆಳಗಿಟ್ಟೆ. ಹಿಂದಿನ ದಿನ ಬಿದ್ದ ಪೆಟ್ಟು, ಬೆಳಗಿನ ಸನಿಕೆ ಎರಡೂ ಸೇರಿ ನನ್ನ ಮಂಡಿ ಗಡಗಡ ನಡುಗಿತು. ಪಕ್ಕದವನ ಹೆಗಲು ಹಿಡಿದುಕೊಂಡೆ. ಇಷ್ಟು ವರ್ಷಗಳಲ್ಲಿ ಅಷ್ಟು ದೊಡ್ಡ ಚಪ್ಪಾಳೆ ನನಗೆ ಬಿದ್ದಿರಲಿಲ್ಲ. ಈ ನಡುಕ ನನ್ನದೇ ಕಣ್ರಪ್ಪಾ ಎಂದು ಎಷ್ಟು ಹೇಳಿದರೂ ಒಬ್ಬನೂ ನಂಬಲಿಲ್ಲ.