ಅಂಜುಬುರುಕಿ ಮತ್ತು ಟಿಶ್ಯೂ ಒತ್ತುವ ಮಷಿನ್ನು

ಅಂಜುವವರು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ಕೇಳಿಕೊಂಡು ಬರುತ್ತವೆ. ನಾನು ಹುಟ್ಟಾ ಅಂಜುಬುರುಕಿ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಈಗಲೂ ಅಂಗಳದಲ್ಲಿರುತ್ತೇನೆ. ಅಂಥವಳಿಗೆ ಸಿಕ್ಕ ಕೆಲಸ ಯಾವುದು ನೋಡಿ: ಟಿಶ್ಯೂ ಕಾಗದ ಒತ್ತುವ ಮಷಿನ್ನು.

ನಮ್ಮದು ಹಳಿಯಾಳದ ಕಡೆಯ ಹಳ್ಳಿ. ಕಾರ್ಖಾನೆ ದಾಂಡೇಲಿಯ ಹೊರಗೆ, ಒಂದು ತಗಡಿನ ಶೆಡ್ಡು. ಮಡಚಿದ ಟಿಶ್ಯೂಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೊಳದೆತ್ತರ ಉಬ್ಬಿ ನಿಲ್ಲುತ್ತವೆ. ಆ ಕಟ್ಟನ್ನು ಮಷಿನ್ನಿನೊಳಗೆ ಇಟ್ಟು, ಎರಡೂ ಕೈಯಿಂದ ಎರಡು ಗುಂಡಿ ಒತ್ತಿ ಹಿಡಿದರೆ ಮೇಲಿನಿಂದ ಕಬ್ಬಿಣದ ಹಲಗೆ ಇಳಿದು ಅದನ್ನು ಗೇಣಿಗೆ ತರುತ್ತದೆ. ಗುಂಡಿ ಎರಡು ಯಾಕೆಂದರೆ, ಎರಡೂ ಕೈ ಹೊರಗೇ ಇರಲಿ ಅಂತ. ಆಮೇಲೆ ಲಗುಬಗೆಯಿಂದ ಪ್ಲಾಸ್ಟಿಕ್ ಸುತ್ತಿ ಬಾಯಿ ಅಂಟಿಸಬೇಕು.

ಕೆಲಸಕ್ಕೆ ಸೇರಿದ ದಿನವೇ ಸುಪರ್‌ವೈಜರ್ ಹೇಳಿದರು: "ಅಕ್ಕಾರ, ಮೂರು ತಿಂಗಳ ನೋಡ್ತೇನಿ. ಅಂಜೋರನ್ನ ಈ ಮಷಿನ್ನಿಗೆ ಪರ್ಮನೆಂಟ್ ಮಾಡೂದಿಲ್ಲ. ಅಂಜಿಕಿ ಇದ್ದಲ್ಲೇ ಕೈ ಹೋಗತಾವು."

"ಅಂಜಿಕಿ? ನನಗ? ಏನಂತೀರಿ ಸರ್!" ಅಂದೆ.

ಪಕ್ಕದ ಮಷಿನ್ನಿನಲ್ಲಿ ಜೋಯಿಡಾ ಕಡೆಯ ಕುಂಬಾರವಾಡದ ಹೆಂಗಸೊಬ್ಬಳಿದ್ದಳು, ಅವಳನ್ನು ಎಲ್ಲರೂ ಬಾಯಿ, ಬಾಯಾರ ಅಂತಲೇ ಕರೆಯುತ್ತಿದ್ದರು. ಮನೆಮಾತು ಕೊಂಕಣಿ, ಕನ್ನಡ ಇಲ್ಲಿ ಕಲಿತದ್ದು, ಮನಸ್ಸು ದೊಡ್ಡದು. ನನ್ನ ಸೆರಗು ಅದುರುವುದನ್ನು ನೋಡಿ ಪಾಪ ಫ್ಯಾನಿನ ಗಾಳಿಗೆ ಅಂತ ತಿಳಿದು ಫ್ಯಾನು ಬಂದ್ ಮಾಡಿದಳು. ಸೆರಗು ಅದುರುತ್ತಲೇ ಇತ್ತು.

ಆದರೆ ಕೆಲಸ ಬಿಡುವ ಹಾಗಿರಲಿಲ್ಲ. ಗಂಡ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಒಲೆ ಉರಿಯಬೇಕಾದರೆ ನಾನು ಪರ್ಮನೆಂಟ್ ಆಗಲೇಬೇಕಿತ್ತು. ಅದಕ್ಕೇ ಅಂಜಿಕೆಯನ್ನು ಮುಚ್ಚಿಡುವುದೇ ನನಗೆ ಒಂದು ದೊಡ್ಡ ಕೆಲಸವಾಯಿತು.

೧. ಬುಸ್

ಹಲಗೆ ಮೇಲೇಳುವಾಗ ಮಷಿನ್ನು ಗಾಳಿ ಬಿಡುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಗುಂಡಿ ಬಿಟ್ಟೆನೋ ಇಲ್ಲವೋ, ಕಾಲ ಬುಡದಲ್ಲಿ "ಬುಸ್ಸ್" ಅಂತು.

"ಯವ್ವಾ! ಹಾವ!"

ಮುಂದಿನ ಕ್ಷಣ ನಾನು ಪ್ಯಾಕಿಂಗ್ ಟೇಬಲ್ಲಿನ ಮೇಲಿದ್ದೆ. ನನ್ನನ್ನು ನೋಡಿ ಉಳಿದ ಹೆಂಗಸರೂ ಹತ್ತಿದರು. ಸುಪರ್‌ವೈಜರ್ ಕೋಲು ಹಿಡಿದು ಶೆಡ್ಡೆಲ್ಲ ಹುಡುಕಿ, ಕೊನೆಗೆ ಮಷಿನ್ನಿನ ನಳಿಕೆ ತೋರಿಸಿ, "ಗಾಳಿ ಐತ್ರಿ ಅಕ್ಕಾರ, ಬರೇ ಗಾಳಿ. ಇಳೀರಿ" ಅಂದರು. ನಾಚಿಕೆಯಿಂದ ಹಿಡಿಯಷ್ಟಾದೆ. ಇನ್ನು ಸತ್ತರೂ ಹೌಹಾರಬಾರದು ಅಂತ ಗಟ್ಟಿಮನಸ್ಸು ಮಾಡಿದೆ.

ಮರುವಾರ ಮತ್ತೆ "ಬುಸ್ಸ್." ಹೆಂಗಸರು ಕೂಗಿದರು. ನಾನು ತಲೆ ಎತ್ತಲಿಲ್ಲ. "ಗಾಳಿ ಐತ್ರೆವ್ವಾ, ಬರೇ ಗಾಳಿ. ಕೆಲಸ ಮಾಡ್ರಿ" ಅಂತ ಬುದ್ಧಿ ಹೇಳಿದೆ. ಹೇಳಿ ಕೆಳಗೆ ನೋಡುತ್ತೇನೆ, ಮಾರುದ್ದದ ಕೇರೆಹಾವು ನನ್ನ ಚಪ್ಪಲಿ ದಾಟಿಕೊಂಡು ಬಾಗಿಲ ಕಡೆ ಹೋಗುತ್ತಿದೆ.

ಸುಪರ್‌ವೈಜರ್ ಎಲ್ಲರನ್ನೂ ಕರೆದು ಹೊಗಳಿದ್ದೇ ಹೊಗಳಿದ್ದು: "ಕಲೀರಿ ಇವರ್ನ ನೋಡಿ. ಹಾವು ಕಾಲಮ್ಯಾಲೆ ಹೋದರೂ ಒಂದು ಹೆಜ್ಜಿ ಸರೀಲಿಲ್ಲ!" ಸರಿಯಬೇಕು ಅಂತ ನನಗೆ ಬಹಳ ಇತ್ತು. ಕಾಲು ಕೇಳಲಿಲ್ಲ.

೨. ಹನ್ನೊಂದನೆಯ ಬೆರಳು

ನಮಗೆ ಕೊಟ್ಟ ಕೈಗವಸುಗಳು ಗಂಡಸರ ಅಳತೆಯವು, ನಮ್ಮ ಕೈಗೆ ಚೀಲದ ಹಾಗೆ ಜೋಲಾಡುತ್ತಿದ್ದವು. ಒಂದು ಮಧ್ಯಾಹ್ನ ಒತ್ತಿದ ಕಟ್ಟನ್ನು ಹೊರಗೆ ತೆಗೆಯುತ್ತೇನೆ, ಟಿಶ್ಯೂಗಳ ನಡುವಿನಿಂದ ಒಂದು ಬೆರಳು ಹೊರಗೆ ಇಣುಕುತ್ತಿದೆ. ಚಪ್ಪಟೆ. ಅಲುಗಾಡುತ್ತಿಲ್ಲ.

ಕಣ್ಣು ಕತ್ತಲಾಯಿತು. ನೋವು ಯಾಕೆ ಆಗುತ್ತಿಲ್ಲ ಅಂತ ಯೋಚಿಸಲೂ ಇಲ್ಲ. ದೊಡ್ಡ ಪೆಟ್ಟು ಬಿದ್ದಾಗ ಮೊದಲು ನೋವೇ ಗೊತ್ತಾಗುವುದಿಲ್ಲ ಅಂತ ಗಂಡ ಹೇಳಿದ್ದು ನೆನಪಾಗಿ ಮತ್ತಷ್ಟು ಜೀವ ಹೋಯಿತು. ಓಡಿಹೋಗಿ ಸುಪರ್‌ವೈಜರರ ಕೈಯನ್ನು ನನ್ನ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದೆ.

"ಎಣಸ್ರಿ ಸರ್! ನನಗ ನೋಡಾಕ ಆಗೂದಿಲ್ಲ. ಎಣಸ್ರಿ!"

ಅವರೂ ಗಾಬರಿಯಾಗಿ ಎಣಿಸಿದರು. "ಹತ್ತು ಅದಾವ್ರಿ."

"ಮತ್ತೊಮ್ಮೆ ಎಣಸ್ರಿ. ಅದರಾಗ ಒಂದು ನಿಮ್ದು ಇರಬಹುದು."

ಅವರು ಎರಡನೆಯ ಸಲ ಎಣಿಸುವಾಗ ನಿಜವಾಗಿಯೂ ಹನ್ನೊಂದು ಬಂತು, ಮುಖ ಬೆಳ್ಳಗಾಗಿ ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದರು. ಅಷ್ಟರಲ್ಲಿ ಕುಂಬಾರವಾಡದ ಬಾಯಿ ಆ ಕಟ್ಟು ಬಿಚ್ಚಿ ಒಳಗಿನಿಂದ ಒಂದು ಕೈಗವಸು ಎಳೆದಳು. ಕಟ್ಟು ಇಡುವಾಗ ನನ್ನ ಎಡಗೈಯಿಂದಲೇ ಜಾರಿ ಬಿದ್ದದ್ದು.

"ಅಂಜಿದ್ರೇನು?" ಅಂತ ಸುಪರ್‌ವೈಜರ್ ನೀರು ಕುಡಿಯುತ್ತ ಕೇಳಿದರು.

"ಇಲ್ಲ ತಗೋರಿ. ನೀವು ಬರೋಬರಿ ಎಣಸ್ತೀರೇನ ನೋಡಿದೆ."

ಆ ಸಂಜೆ ಮನೆಯಲ್ಲಿ ರೊಟ್ಟಿ ತಟ್ಟುತ್ತ ಹತ್ತೂ ಬೆರಳು ಹಿಟ್ಟಿನ ಮೇಲೆ ಮೂಡುವುದನ್ನು ನೋಡಿ ಅತ್ತುಬಿಟ್ಟೆ. ಗಂಡ ಏನಾಯಿತು ಅಂದ. ಹೊಗೆ ಅಂದೆ. ನಮ್ಮ ಮನೆಯಲ್ಲಿ ಇರುವುದು ಗ್ಯಾಸು. ಕಾರ್ಖಾನೆಯ ಅಪಘಾತದ ಪುಸ್ತಕದಲ್ಲಿ ಅವತ್ತಿನ ದಿನ ಹೀಗೆ ಬರೆದಿದೆ: "ಕಾರ್ಮಿಕ ಮಹಿಳೆಗೆ ಏನೂ ಆಗಿಲ್ಲ. ಸುಪರ್‌ವೈಜರರಿಗೆ ತಲೆಸುತ್ತು."

೩. ಕಾಡಿನ ನಡುವೆ ಫಟ್

ಒಳಗೆ ಗಾಳಿ ಸೇರಿ ಉಬ್ಬಿದ, ಮಾರಲಾಗದ ಪ್ಯಾಕುಗಳನ್ನು ನಾವು ಮನೆಗೆ ಒಯ್ಯಬಹುದಿತ್ತು. ಒಂದು ಸಂಜೆ ಅಂಥದ್ದೊಂದನ್ನು ಚೀಲದಲ್ಲಿಟ್ಟುಕೊಂಡು ಹಳಿಯಾಳದ ಬಸ್ಸು ಹತ್ತಿದೆ. ಆ ವಾರ ದಾರಿಯಲ್ಲಿ ಆನೆ ಕಾಣಿಸಿಕೊಂಡಿದೆ ಅಂತ ಸುದ್ದಿಯಿತ್ತು. ಬಸ್ಸಿನಲ್ಲಿ ಎಲ್ಲರದೂ ಅದೇ ಮಾತು, ನಾನಂತೂ ಕಿಟಕಿಯಿಂದ ಮುಖ ತಿರುಗಿಸಿ ಕೂತಿದ್ದೆ. ಕಾಡಿನ ನಟ್ಟನಡುವೆ, ನಿಂತಿದ್ದ ದಪ್ಪನೆಯ ಅಜ್ಜರೊಬ್ಬರು ಬಸ್ಸು ಕುಲುಕಿದಾಗ ಆಯತಪ್ಪಿ ಸೀಟಿನ ಮೇಲಿದ್ದ ನನ್ನ ಚೀಲದ ಮೇಲೆ ಕೂತುಬಿಟ್ಟರು.

ಫಟ್!

ಡ್ರೈವರ್ ಬ್ರೇಕ್ ಹಾಕಿದ. "ಟೈರ್ ಹೋತು!"

ಯಾರಾದರೂ ಇಳಿದು ನೋಡಬೇಕು. ಇಡೀ ಬಸ್ಸು ಕಂಡಕ್ಟರನ ಕಡೆ ನೋಡಿತು. ಅವನು ಕಾಡಿನ ಕಡೆ ನೋಡಿದ. ಪ್ಯಾಕು ಒಡೆದದ್ದು ಅಂತ ಹೇಳಬೇಕೆಂದು ನನಗೆ ಗೊತ್ತು, ಆದರೆ ಅಷ್ಟು ಜನ ಒಮ್ಮೆಲೇ ನನ್ನ ಮೇಲೆ ರೇಗುತ್ತಾರೆ ಎಂಬ ಅಂಜಿಕೆಗೆ ನಾಲಿಗೆ ಹೊರಳಲಿಲ್ಲ. ಕಂಡಕ್ಟರ್ ಇಳಿದ. ಬಸ್ಸಿನ ಮೈ ಹಿಡಿದುಕೊಂಡೇ ಒಂದು ಸುತ್ತು ಬಂದ. ಪೊದೆಯಲ್ಲಿ ಏನೋ ಸರಸರ ಅಂದದ್ದಕ್ಕೆ ಎರಡನೆಯ ಸುತ್ತನ್ನು ಓಡಿಯೇ ಮುಗಿಸಿ ಒಳಗೆ ಬಿದ್ದ.

"ಎಲ್ಲಾ ಟೈರ್ ಛಲೋ ಅದಾವು. ಹೋಗೂಣು!" ಅಂದವನ ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನನ್ನ ಸೀಟಿನ ಹತ್ತಿರ ಬಂದು, "ಅಕ್ಕಾರ, ಒರಸ್ಕೊಳ್ಳಾಕ ಏನರ ಐತೇನ್ರಿ?" ಅಂದ.

ಇತ್ತು. ಕೊಟ್ಟೆ.

೪. ಎರಡು ಶಿವಾಯ

ಮೂರು ತಿಂಗಳು ಮುಗಿಯುವ ವಾರ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯಿಂದ ತಪಾಸಣೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಸುಪರ್‌ವೈಜರ್ ನನ್ನನ್ನು ಬದಿಗೆ ಕರೆದು, "ಅವರು ಪಾಸ್ ಅಂದರ ನಿಮ್ಮ ಪರ್ಮನೆಂಟ್ ಆರ್ಡರಿಗೆ ಅವತ್ತ ಸಹಿ. ಇಲ್ಲಂದರ ನನ್ನ ಕೈಯಾಗ ಏನೂ ಇಲ್ರಿ" ಅಂದರು.

ನನ್ನ ಅಂಜಿಕೆಗೆ ಕಾರಣವಿತ್ತು. ಹಲಗೆಯನ್ನು ಒತ್ತಿ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಆಗಬಾರದು. ಬೇಗ ಬಿಟ್ಟರೆ ಕಟ್ಟು ಮತ್ತೆ ಉಬ್ಬಿ ಪ್ಲಾಸ್ಟಿಕ್ ಹರಿಯುತ್ತದೆ. ಬಹಳ ಹಿಡಿದರೆ ಹಾಳೆಗೆ ಹಾಳೆ ಅಂಟಿ, ಒಂದು ಎಳೆದರೆ ನಾಲ್ಕು ಬರುತ್ತವೆ. ಹೊತ್ತು ನೋಡುವ ಟೈಮರ್ ಕೆಟ್ಟು ಬಹಳ ದಿನವಾಗಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಎಲ್ಲರೂ ಅಂದಾಜಿನ ಮೇಲೆ ಒತ್ತುತ್ತಿದ್ದರು. ನಾನು ಮಾತ್ರ ಜೀವ ಕೈಯಲ್ಲಿ ಹಿಡಿದು, ಹಲಗೆ ಕೆಳಗಿರುವಷ್ಟು ಹೊತ್ತು ಮನಸ್ಸಿನಲ್ಲೇ "ಓಂ ನಮಃ ಶಿವಾಯ" ಅನ್ನುತ್ತಿದ್ದೆ. ಎರಡು ಸಲ ಅಂದು ಗುಂಡಿ ಬಿಡುತ್ತಿದ್ದೆ. ನನ್ನ ಕಟ್ಟುಗಳು ಅಚ್ಚು ಹೊಡೆದ ಹಾಗೆ ಬರುತ್ತಿದ್ದವು.

ಗುಟ್ಟು ತಿಳಿದ ಸುಪರ್‌ವೈಜರ್, ಎಲ್ಲರೂ ತಮ್ಮ ತಮ್ಮ ದೇವರನ್ನು ನೆನೆದು ಒತ್ತಿರಿ ಅಂತ ಹೇಳಿಬಿಟ್ಟರು. ಕುಂಬಾರವಾಡದ ಬಾಯಿಯ ಹಾಳೆಗಳು ಅಂಟತೊಡಗಿದವು. ವಿಚಾರಿಸಿದರೆ, ಅವಳು ಊರ ದೇವಿ, ಗಡಿ ದೇವರು, ಹುಲಿ ದೇವರು, ತವರಿನ ದೇವಿ, ಗಂಡನ ಮನೆ ದೇವರು, ಎಲ್ಲರನ್ನೂ ನೆನೆಯುತ್ತಿದ್ದಳು.

"ಬಾಯಾರ, ಒಂದೆರಡು ದೇವರ್ನ ಕಡಿಮಿ ಮಾಡ್ರಿ" ಅಂದರು ಸುಪರ್‌ವೈಜರ್.

"ಯಾರನ್ನ ಬಿಡೂದು ನೀವ ಹೇಳ್ರಿ. ಹುಲಿ ದೇವರನ್ನ ಬಿಟ್ಟರ ಸಂಜಿಗೆ ಕಾಡಿನ್ಯಾಗ ನಡಕೊಂಡು ಹೋಗಾಕಿ ನಾನು. ನೀವ ಜೋಡಿ ಬರ್ತೀರೇನು?"

ಸುಪರ್‌ವೈಜರ್ ಅವಳನ್ನು ಪ್ಲಾಸ್ಟಿಕ್ ಸುತ್ತುವ ಕೆಲಸಕ್ಕೆ ಹಾಕಿದರು.

ಸಾಹೇಬರು ಬಂದೇ ಬಂದರು. ಇಸ್ತ್ರಿ ಅಂಗಿ, ನಗದ ಮುಖ, ಕೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ. ಸೀದಾ ನನ್ನ ಮಷಿನ್ನಿನ ಮುಂದೆ ನಿಂತರು.

"ಎಷ್ಟ ಹೊತ್ತು ಒತ್ತಿ ಹಿಡೀತೀರಿ?"

ಸುಪರ್‌ವೈಜರ್ ಅವರ ಬೆನ್ನ ಹಿಂದಿನಿಂದ ನಾಲ್ಕು ಬೆರಳು ತೋರಿಸುತ್ತಿದ್ದರು. ನಾಲ್ಕು ಸೆಕೆಂಡು ಅನ್ನಬೇಕಿತ್ತು. ಅಂಜಿಕೆಯಲ್ಲಿ ನನ್ನ ಬಾಯಿಂದ ನಿಜವೇ ಬಂತು: "ಎರಡು ಶಿವಾಯ ರೀ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒತ್ತಿ ತೋರಸ್ರಿ."

ಒತ್ತಿದೆ. ಎದೆ ಹೊಡೆದುಕೊಳ್ಳುವ ರಭಸಕ್ಕೆ ಶಿವನ ಹೆಸರೂ ಓಟ ಕಿತ್ತಿತು. ಕಟ್ಟು ಉಬ್ಬಿತು. ಎರಡನೆಯದೂ ಉಬ್ಬಿತು. ಸಾಹೇಬರು ಏನೋ ಬರೆದುಕೊಂಡರು. ಕಣ್ಣ ಮುಂದೆ ಮುರಿದ ಕಾಲಿನ ಗಂಡ, ಆರಿದ ಒಲೆ. ಮೂರನೆಯ ಕಟ್ಟು ಇಡುವಾಗ ಟಿಶ್ಯೂ ನೆಲಕ್ಕೆ ಚೆಲ್ಲಿತು.

"ಮನಸ್ಸಿನ್ಯಾಗ ಬ್ಯಾಡ್ರಿ," ಅಂದರು ಸಾಹೇಬರು, ದನಿ ಸ್ವಲ್ಪ ಮೆತ್ತಗಾಗಿತ್ತು. "ಬಾಯಿಬಿಟ್ಟ ಅನ್ರಿ. ಸಾವಕಾಶ."

ಅಂದೆ. ದನಿ ಹೊರಡಲಿಲ್ಲ, ಬರೀ ಗಾಳಿ. ಆಗ ಪ್ಲಾಸ್ಟಿಕ್ ಸುತ್ತುತ್ತಿದ್ದ ಕುಂಬಾರವಾಡದ ಬಾಯಿ, ತನ್ನ ಅಷ್ಟೂ ದೇವರನ್ನು ಬದಿಗಿಟ್ಟು, ನನಗಾಗಿ "ಓಂ ನಮಃ ಶಿವಾಯ" ಅಂತ ನಿಧಾನಕ್ಕೆ ಎಳೆದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಶೆಡ್ಡಿಗೆ ಶೆಡ್ಡೇ ಭಜನೆಯ ಲಯದಲ್ಲಿ ಹೇಳತೊಡಗಿತು. ನನ್ನ ಕೈಗೆ ಹದ ಸಿಕ್ಕಿತು. ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಹತ್ತು ಕಟ್ಟು ಸಾಲಾಗಿ, ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದವು. ಸಾಹೇಬರು ಗಡಿಯಾರ ನೋಡುತ್ತಿದ್ದರು, ಅವರ ತುಟಿಯೂ ಅಲ್ಲಾಡುತ್ತಿತ್ತು.

"ಹತ್ತಕ್ಕ ಹತ್ತು, ನಾಲ್ಕು ಸೆಕೆಂಡ್" ಅಂದರು. ಕಾಗದದ ಮೇಲೆ ಪಾಸ್ ಅಂತ ಬರೆದರು. ಆಮೇಲೆ ಒಂದು ಕಡೆ ಪೆನ್ನು ನಿಂತಿತು. "ಇಲ್ಲಿ 'ಟೈಮರ್ ಹೆಂಗೈತಿ' ಅಂತ ಕೇಳ್ಯಾರ. ಏನ್ ಬರೀಲಿ?"

ಸುಪರ್‌ವೈಜರ್ ಬೆವರಿದರು. ಸಾಹೇಬರು ನನ್ನನ್ನೊಮ್ಮೆ ನೋಡಿ, ತಾವೇ ಬರೆದು, ಸಹಿ ಹಾಕಿ ಹೊರಟರು. ಅವತ್ತೇ ನನ್ನ ಆರ್ಡರಿಗೂ ಸಹಿ ಬಿತ್ತು. ಸಾಹೇಬರು ಬರೆದ ಸಾಲನ್ನು ಸುಪರ್‌ವೈಜರ್ ದೊಡ್ಡ ಅಕ್ಷರದಲ್ಲಿ ಬರೆಸಿ ನನ್ನ ಮಷಿನ್ನಿಗೆ ಅಂಟಿಸಿದ್ದಾರೆ:

"ಟೈಮರ್ ಸರಿಯಾಗಿದೆ. ಅಂಜಿಸಬಾರದು."